ಬಲಗಿವಿಯ ಮೇಲಿನ ಗುಡುಗು

ಜೂನ್ ೪

ನೆರೆದಿರುವ ಮಹಾಜನರೇ! ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ ದೊಡ್ಡ ಮನುಷ್ಯರೇ, ಹಿಂದಿನ ಬೆಂಚಿನ ಮೇಲೆ ಹತ್ತಿ ನಿಂತ ಕುಳ್ಳರೇ, ಟಿಕೆಟ್ಟಿಲ್ಲದೆ ಟೆಂಟಿನ ಬಟ್ಟೆ ಎತ್ತಿ ನುಸುಳಿ ಬಂದ ಮಹಾವೀರರೇ, ಮಗು ಎಷ್ಟು ಚೀರಿದರೂ ಜಾಗ ಬಿಟ್ಟು ಏಳದ ತಾಯಂದಿರೇ! ಸದ್ದಡಗಲಿ! ಪರದೆ ಏಳುತ್ತಿದೆ!

ಗಾಬರಿಯಾಗಬೇಡ ಮಗಳೇ. ಈ ಸಭೆಯಲ್ಲಿ ಇರುವವಳು ನೀನೊಬ್ಬಳೇ. ಒಬ್ಬರಿಗೋಸ್ಕರ ದನಿ ತಗ್ಗಿಸುವುದು ನಿನ್ನ ಅಪ್ಪನಿಗೆ ಬರುವುದಿಲ್ಲ, ಕಾಗದದ ಮೇಲೂ ಬರುವುದಿಲ್ಲ.

ಕಳೆದ ವಾರ ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡು ರಾಜ ಗೋಳಾಡುವ ದೃಶ್ಯ ನಡೆಯುತ್ತಿತ್ತು. ಟೆಂಟು ಕಿಕ್ಕಿರಿದಿತ್ತು. 'ಏಳು ಮಗನೇ, ಏಳು' ಎಂದು ನಾನು ದನಿಯನ್ನು ಪಾತಾಳಕ್ಕಿಳಿಸಿ ಅಲ್ಲಿಂದ ಮೇಲಕ್ಕೆತ್ತುವ ಹೊತ್ತಿಗೆ ನನ್ನ ಎಡಗೈ ತಾನೇ ತಾನಾಗಿ ಕುಣಿಯತೊಡಗಿತು. ಆಮೇಲೆ ಎಡ ಕೆನ್ನೆ. ಆಮೇಲೆ ರಂಗದ ಹಲಗೆ ನನ್ನ ಮುಖಕ್ಕೆ ಬಂದು ಹೊಡೆಯಿತು. ಜನ ಏನು ಮಾಡಿದರು ಗೊತ್ತೇ? ಎದ್ದು ನಿಂತು ಚಪ್ಪಾಳೆ ತಟ್ಟಿದರು! ನೊರೆ ಸುರಿಸಿ ಒದ್ದಾಡುತ್ತಿದ್ದವನಿಗೆ 'ಇನ್ನೊಂದು ಸಲ!' ಎಂದು ಕೂಗಿದರು! ಓಡಿ ಬಂದವನು ಮೇಕಪ್ಪಿನವನೊಬ್ಬನೇ.

"ಅದು ನಟನೆ ಅಲ್ಲ ಕಣ್ರೋ!" ಅಂತ ಅವನು ಜನರ ಕಡೆ ತಿರುಗಿ ಕಿರುಚಿದನಂತೆ. "ನಟನೆ ಆಗಿದ್ದಿದ್ರೆ ಬೀಳೋವಾಗ ಕಿರೀಟ ಹಿಡ್ಕೋತಿದ್ರು!"

ಈಗ ನನ್ನ ತಲೆಯ ಫೋಟೋಗಳು ಬಂದಿವೆ. ಬಲಗಿವಿಯ ಮೇಲೆ, ಬುರುಡೆಯೊಳಗೆ, ನಿಂಬೆಹಣ್ಣಿನಷ್ಟು ಗೆಡ್ಡೆ. ಇಲ್ಲಿನ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಇದು ನಮ್ಮ ಕೈಲಾಗೋದಲ್ಲ, ಆ ದೊಡ್ಡ ಆಸ್ಪತ್ರೆಗೆ ಹೋಗಿ" ಅಂದರು. ಆ ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಆಪರೇಷನ್ ನಡೆಯುವಾಗ ಎಚ್ಚರವಿರುವ ರೋಗಿಯ ಎದುರು ಕೂತು ಮಾತಿನ ಪರೀಕ್ಷೆ ಮಾಡುವವಳು, ಪಕ್ಕದ ಕಾಲೇಜಿನಲ್ಲಿ ಮಿದುಳಿನ ಪಾಠ ಹೇಳುವವಳು, ನನ್ನ ಮಗಳೇ ಎಂದು ನಾನು ಅವರಿಗೆ ಹೇಳಲಿಲ್ಲ. ಹೇಳಿದರೆ ನಂಬುತ್ತಿರಲಿಲ್ಲ. ಗುಡುಗು ಎಂದು ಹೆಸರಾದವನ ಹೊಟ್ಟೆಯಲ್ಲಿ ಸದ್ದೇ ಇಲ್ಲದ ಮೋಡ ಹುಟ್ಟಿತೇ ಅಂತ ನಗುತ್ತಿದ್ದರು.

ಫೋಟೋಗಳನ್ನು ಕಳಿಸಿದ್ದೇನೆ. ನೋಡಿ ತೀರ್ಪು ಹೇಳು. ಇಷ್ಟು ವರ್ಷ ಒಂದು ಕಾಗದ ಬರೆಯದವನು ಈಗ ಬರೆದನಲ್ಲ ಎಂದು ಮೂಗು ಮುರಿಯಬೇಡ. ನೀನೇನು ಬರೆದಿದ್ದೆಯಾ?

ಇಂತಿ ನಿನ್ನ ಅಪ್ಪ,
ನಾಟಕ ಕಂಪನಿಯವರಿಗೆ ಈಗಲೂ ಗುಡುಗು


ಜೂನ್ ೧೧

ಅಪ್ಪನವರಿಗೆ,

ಫೋಟೋ ನೋಡಿದೆ. ಸರ್ಜನ್ ಅವರಿಗೂ ತೋರಿಸಿದೆ. ಗೆಡ್ಡೆ ನಿಧಾನವಾಗಿ ಬೆಳೆಯುವ ಜಾತಿಯದು. ಬಿಟ್ಟರೆ ಕೊಲ್ಲುತ್ತದೆ. ತೆಗೆಯಬಹುದು.

ಮಿದುಳಿನ ಮೇಲ್ಭಾಗ ಎರಡು ಅರ್ಧಗಳಾಗಿದೆ. ಮಡಿಕೆ ಮಡಿಕೆಯಾಗಿ ಬುರುಡೆಯೊಳಗೆ ತುಂಬಿಕೊಂಡಿದೆ. ನಡುವೆ ನರತಂತುಗಳ ದಪ್ಪ ಸೇತುವೆ ಇದೆ. ಎಡ ಅರ್ಧ ಬಲಗೈಯನ್ನು ಆಡಿಸುತ್ತದೆ, ಬಲ ಅರ್ಧ ಎಡಗೈಯನ್ನು. ಅದಕ್ಕೇ ನಿಮ್ಮ ಎಡಗೈ ಕುಣಿದದ್ದು. ಬಲಗೈಯಲ್ಲಿ ಬರೆಯುವ ಹೆಚ್ಚಿನವರಿಗೆ ಮಾತು ಇರುವುದು ಎಡಗಡೆ. ಪದಗಳನ್ನು ಹುಡುಕುವುದು, ಜೋಡಿಸುವುದು, ಅರ್ಥ ಮಾಡಿಕೊಳ್ಳುವುದು ಅಲ್ಲಿ ನಡೆಯುತ್ತದೆ. ನಿಮ್ಮ ಗೆಡ್ಡೆ ಬಲಗಡೆ ಇದೆ. ಆದ್ದರಿಂದ ನಿಮ್ಮ ಪದಗಳಿಗೆ ಅಪಾಯವಿಲ್ಲ ಎಂದು ಸರ್ಜನ್ ಹೇಳಿದರು.

ಅವರು ಹೇಳದ ಒಂದು ವಿಷಯ ನಾನು ಹೇಳಬೇಕು. ಎಡಗಡೆ ಮಾತು ಹುಟ್ಟುವ ಜಾಗಕ್ಕೆ ಸರಿಯಾಗಿ ಎದುರು, ಬಲಗಡೆ ಒಂದು ಜಾಗವಿದೆ. ಮಾತಿನ ಏರಿಳಿತ ಅಲ್ಲಿಂದ ಬರುತ್ತದೆ. ಕೋಪ, ಗೋಳು, ಲೇವಡಿ, ಮುದ್ದು, ಎಲ್ಲವೂ. ಅದು ಕೆಟ್ಟರೆ ಮನುಷ್ಯ ಎಲ್ಲ ಪದಗಳನ್ನೂ ಸರಿಯಾಗಿ ಹೇಳುತ್ತಾನೆ. ಒಂದೇ ದನಿಯಲ್ಲಿ ಹೇಳುತ್ತಾನೆ. ಒಳಗೆ ದುಃಖ ಇರುತ್ತದೆ, ದನಿಗೆ ಹತ್ತುವುದಿಲ್ಲ.

ಗೆಡ್ಡೆ ಆ ಜಾಗವನ್ನು ಒತ್ತಿಕೊಂಡು ಕುಳಿತಿದೆ.

ಬಂದು ದಾಖಲಾಗಿ. ತಲೆ ಬೋಳಿಸಲು ಒಪ್ಪಿಗೆ ಬೇಕಾಗುತ್ತದೆ.

ಮಗಳು


ಜೂನ್ ೧೮

ಅಯ್ಯೋ ವಿಧಿಯೇ! ಅಯ್ಯೋ ನನ್ನ ಬಲಗಿವಿಯೇ!

ತಲೆ ಬೋಳಿಸಲಿ. ಕಿವಿ ಕತ್ತರಿಸಲಿ. ಬೇಕಾದರೆ ಎಡಗಡೆಯನ್ನೇ ಬಗೆದು ಬಿಸಾಡಲಿ ಕಣೇ! ಪದ ಇಟ್ಟುಕೊಂಡು ನಾನೇನು ಮಾಡಲಿ? ಪದ ಪುಸ್ತಕದಲ್ಲಿದೆ, ಬೇಕಾದವನು ಓದಿಕೊಳ್ಳುತ್ತಾನೆ. 'ಬಾ' ಎನ್ನುವುದು ಏನು? ಬರೀ ಬಾಯಿ ತೆರೆದು ಮುಚ್ಚುವಷ್ಟು ಕೆಲಸ. ಅದನ್ನೇ ನಾನು ಪ್ರೇಯಸಿಗೆ ಅಂದರೆ ಮುಂದಿನ ಸಾಲಿನ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ವೈರಿಗೆ ಅಂದರೆ ಗಂಡಸರು ಬೆಂಚಿನಿಂದ ಏಳುತ್ತಿದ್ದರು. ಸಾವಿಗೆ ಅಂದರೆ ಟೆಂಟಿನ ಹೊರಗೆ ಸೈಕಲ್ ಕಾಯುವವನೂ ಬೀಡಿ ಆರಿಸುತ್ತಿದ್ದ! ಆ ಏರಿಳಿತ ಹೋದ ಮೇಲೆ ಉಳಿಯುವುದು ಯಾರು? ಯಾವನೋ ಮುದುಕ.

ಕೇಳು, ಒಂದು ಉಪಾಯವಿದೆ. ಎಚ್ಚರವಾಗಿಟ್ಟೇ ತಲೆ ತೆರೆಯುತ್ತೀರಂತೆ, ಚಿತ್ರ ತೋರಿಸಿ 'ಇದೇನು' ಅಂತ ಕೇಳುತ್ತೀರಂತೆ. ನನಗೆ ಚಿತ್ರ ಬೇಡ. ನಾನು ರಾಜನ ಗೋಳು ಹೇಳುತ್ತೇನೆ. ನೀನು ಎದುರು ಕೂತು ಕೇಳು. ನನ್ನ ದನಿ ಎಲ್ಲಿ ಏರಬೇಕು, ಎಲ್ಲಿ ಮುರಿಯಬೇಕು ಎಂದು ಈ ಲೋಕದಲ್ಲಿ ಗೊತ್ತಿರುವುದು ಇಬ್ಬರಿಗೆ. ಒಬ್ಬ ನಾನು. ಇನ್ನೊಬ್ಬಳು ಹುಡುಗಿಯಾಗಿದ್ದಾಗಿನಿಂದ ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತು, ನಾನು ಮರೆತ ಸಾಲನ್ನು ಪಿಸುಗುಟ್ಟುತ್ತಿದ್ದವಳು.

ಆ ಪರದೆಯ ಹಿಂದಕ್ಕೆ ನಿನ್ನನ್ನು ಕಳಿಸಿದ್ದು ನಾನೇ, ಸರಿ. ಏನು ಮಾಡಲಿ? ರಾಜಕುಮಾರನ ವೇಷ ಹಾಕಿ ರಂಗದ ಮೇಲೆ ನಿಲ್ಲಿಸಿದೆ. ಬಾಣ ತಗುಲಿ ಸಾಯಬೇಕು, 'ಅಯ್ಯೋ ಅಪ್ಪಾ, ಉರಿಯುತ್ತಿದೆ' ಎಂದು ಕೂಗಬೇಕು. ನೀನು ಅಂಗಡಿಯ ಬೋರ್ಡು ಓದಿದ ಹಾಗೆ ಓದಿದೆ! ನಾನು ಪಾತ್ರ ಬಿಟ್ಟು ಜನರ ಕಡೆ ತಿರುಗಿ, "ಇವಳಿಗೆ ಬಾಣ ತಗುಲಿದೆಯೋ, ನೆಗಡಿ ಆಗಿದೆಯೋ?" ಅಂತ ಕೇಳಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗು ಎಷ್ಟು ದೊಡ್ಡದಿತ್ತೆಂದರೆ ಆಮೇಲೆ ಅದನ್ನು ಕೈಬಿಡಲು ಮನಸ್ಸಾಗಲಿಲ್ಲ. ನೀನು ಬಿಟ್ಟು ಹೋದ ಮೇಲೆ ಒಂದು ಹೊಸ ಪಾತ್ರವನ್ನೇ ಕಟ್ಟಿದೆ. ಸಪ್ಪೆರಾಣಿ! ಗಂಡ ಸತ್ತ ಸುದ್ದಿಯನ್ನೂ ಸೊಪ್ಪು ಬಂದ ಸುದ್ದಿಯನ್ನೂ ಒಂದೇ ದನಿಯಲ್ಲಿ ಹೇಳುವ ರಾಣಿ. ಸೀರೆ ಉಟ್ಟು ನಾನೇ ಮಾಡುತ್ತೇನೆ. ಜನ ಅದಕ್ಕೆಂದೇ ಬರುತ್ತಾರೆ. ನೋಡು, ನಿನ್ನ ದನಿಯೂ ಕೊನೆಗೆ ರಂಗ ಹತ್ತಿತು!

ಬಂದು ಕೂರುತ್ತೀಯೋ ಇಲ್ಲವೋ ಹೇಳು. ಅಂದ ಹಾಗೆ, ನಾನು ನಿನಗೆ 'ಅಪ್ಪನವರು' ಆದದ್ದು ಯಾವಾಗ? ಅದೇನು ಆಸ್ಪತ್ರೆಯ ರಿವಾಜೋ?

ಇಂತಿ,
ಇನ್ನೂ ಗುಡುಗುತ್ತಿರುವ ಅಪ್ಪ


ಜೂನ್ ೨೬

ಅಪ್ಪನವರಿಗೆ,

ಕೂರುತ್ತೇನೆ. ಸ್ವಂತದವರು ಪರೀಕ್ಷೆ ಮಾಡುವುದು ಇಲ್ಲಿ ರೂಢಿಯಲ್ಲ. ಸರ್ಜನ್ ಮೊದಲು ಒಪ್ಪಲಿಲ್ಲ. ನಿಮ್ಮ ದನಿಯ ಏರಿಳಿತವನ್ನು ಬೇರೆ ಯಾರೂ ಅಳೆಯಲಾರರು ಎಂದು ನಾನು ಹೇಳಿದ ಮೇಲೆ ಒಪ್ಪಿದರು.

ಕೆಲಸ ಹೀಗೆ ನಡೆಯುತ್ತದೆ. ಮೊದಲು ಮಂಪರಿನ ಮದ್ದು ಕೊಟ್ಟು, ತಲೆಯನ್ನು ಅಲುಗದಂತೆ ಲೋಹದ ಚೌಕಟ್ಟಿನಲ್ಲಿ ಬಿಗಿಯುತ್ತಾರೆ. ಚರ್ಮಕ್ಕೆ ಮರಗಟ್ಟುವ ಸೂಜಿ ಕೊಟ್ಟು ಬಿಡಿಸುತ್ತಾರೆ. ಬುರುಡೆಯಿಂದ ಒಂದು ಬಿಲ್ಲೆ ಕೊಯ್ದು ಬಟ್ಟಲಲ್ಲಿ ಇಡುತ್ತಾರೆ. ಕೊನೆಗೆ ಅದನ್ನು ಮತ್ತೆ ಕೂರಿಸಿ ಸಣ್ಣ ತಿರುಪು ಹಾಕುತ್ತಾರೆ. ಗಟ್ಟಿ ಪೊರೆ ಸೀಳಿದರೆ ಮಿದುಳು ಕಾಣುತ್ತದೆ. ಮಾಸಲು ಗುಲಾಬಿ ಬಣ್ಣ. ನಾಡಿ ಬಡಿದ ಹಾಗೆಲ್ಲ ಸ್ವಲ್ಪ ಏಳುತ್ತದೆ, ಇಳಿಯುತ್ತದೆ. ಅದಕ್ಕೆ ನೋವಿಲ್ಲ. ಇಡೀ ದೇಹದ ನೋವು ಗೊತ್ತಾಗುವುದು ಅದಕ್ಕೆ, ಆದರೆ ಅದನ್ನೇ ಕತ್ತರಿಸಿದರೆ ಅದಕ್ಕೆ ಗೊತ್ತಾಗುವುದಿಲ್ಲ.

ನಂತರ ನಿಮ್ಮನ್ನು ಎಬ್ಬಿಸುತ್ತೇವೆ. ನೀವು ಹೇಳುತ್ತಿರುತ್ತೀರಿ. ಸರ್ಜನ್ ಒಂದು ಸಣ್ಣ ಕಡ್ಡಿಯಿಂದ ಅಲ್ಲಲ್ಲಿ ಮುಟ್ಟಿ ತುಸು ವಿದ್ಯುತ್ ಹಾಯಿಸುತ್ತಾರೆ. ಮುಟ್ಟಿದ ಜಾಗ ಅಷ್ಟು ಹೊತ್ತು ಕೆಲಸ ನಿಲ್ಲಿಸುತ್ತದೆ. ನಿಮ್ಮ ದನಿ ಚಪ್ಪಟೆಯಾದರೆ ನಾನು ಕೈ ಎತ್ತುತ್ತೇನೆ. ಆ ಜಾಗದ ಮೇಲೆ ಒಂದು ಕಾಗದದ ಚೂರು ಇಟ್ಟು, ಅದನ್ನು ಮುಟ್ಟದೆ ಬಿಡುತ್ತಾರೆ. ಕೈ ಎತ್ತದಿದ್ದರೆ ಕತ್ತರಿಸುತ್ತಾರೆ.

ಇನ್ನೊಂದು ಮಾತು. ಸಪ್ಪೆರಾಣಿಯನ್ನು ನಾನು ನೋಡಿದ್ದೇನೆ. ಟಿಕೆಟ್ ಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನೀವು ಸೀರೆ ಉಟ್ಟು ಮುಂದೆ ಬಂದು, "ಅಮ್ಮ ಹೋದರು. ನಿಮ್ಮದು ಊಟ ಆಯ್ತಾ?" ಅಂದಿರಿ. ಜನ ಕಣ್ಣೊರೆಸಿಕೊಂಡು ನಕ್ಕರು. ಪಕ್ಕದಲ್ಲಿ ಕೂತ ಹೆಂಗಸು ನನ್ನ ತೋಳು ಹಿಡಿದು ನಕ್ಕಳು. ನಾನೂ ನಕ್ಕೆ, ಎಲ್ಲರೂ ನಗುತ್ತಿದ್ದರು.

ಅಮ್ಮ ಸತ್ತ ದಿನ ನಾನು ನಿಮಗೆ ಫೋನಿನಲ್ಲಿ ಹೇಳಿದ ಮಾತು ಅದು. ಅವತ್ತು ನೀವು ಬೇರೆ ಊರಿನಲ್ಲಿ ನಾಟಕದಲ್ಲಿದ್ದಿರಿ. ನೀವು ಹಸಿದ ಹೊಟ್ಟೆಯಲ್ಲಿ ಪ್ರಯಾಣ ಮಾಡಬಾರದೆಂದು ಹಾಗೆ ಕೇಳಿದ್ದೆ.

ಮೇಜಿನ ಮೇಲೆ ಅಣಕು ಬೇಡ. ಅದೊಂದೇ ನನ್ನ ಷರತ್ತು. ಅಣಕಿಸಿದರೆ ಯಾವುದು ನೀವು, ಯಾವುದು ವಿದ್ಯುತ್ತು ಎಂದು ನನಗೆ ತಿಳಿಯುವುದಿಲ್ಲ.

ಮಗಳು


ಜುಲೈ ೨

ಮಗಳೇ,

ಆಣೆ! ಭೂಮಿಯಾಣೆ, ಆಕಾಶದಾಣೆ, ನನ್ನ ಕಿರೀಟದಾಣೆ! ಅಣಕಿಸುವುದಿಲ್ಲ. ಸಾಕೇ?

ಆದರೆ ನೀನೂ ಸ್ವಲ್ಪ ನಗುವುದು ಕಲಿ ತಾಯಿ. ನಿನ್ನ ಅಮ್ಮ ಇದ್ದಿದ್ದರೆ ಸಪ್ಪೆರಾಣಿಗೆ ಮೊದಲು ನಗುತ್ತಿದ್ದವಳು ಅವಳೇ. 'ರೀ, ಪಾಪ ಅದು' ಎನ್ನುತ್ತಲೇ ನಗುತ್ತಿದ್ದಳು. ಫೋನಿನಲ್ಲಿ ಒಂದು ಬಿಕ್ಕಳಿಕೆ ಬಂದಿದ್ದರೆ ನಾನು ಆ ಮಾತನ್ನು ಎತ್ತಿಕೊಳ್ಳುತ್ತಿರಲಿಲ್ಲ. ಅದು ಸುಮ್ಮನೆ ಬಿದ್ದಿತ್ತು, ಎತ್ತಿಕೊಂಡೆ. ನಟ ಎಂದರೆ ಅಷ್ಟೇ.

ಸೋಮವಾರ ಬಂದು ಸೇರುತ್ತೇನೆ. ಮೇಕಪ್ಪಿನವನು ಜೊತೆಗಿರುತ್ತಾನೆ. ತಲೆ ಬೋಳಿಸುವ ಕೆಲಸ ತನಗೇ ಬೇಕಂತೆ, "ಇಷ್ಟು ವರ್ಷ ವಿಗ್ ಅಂಟಿಸಿದವನು ನಾನು, ಬೇರೆಯವನ ಕೈ ಹಾಕಿಸೋದಿಲ್ಲ" ಅಂತ ಹಟ ಹಿಡಿದಿದ್ದಾನೆ.

ಹೆದರಿದ್ದೇನೆ. ಇದನ್ನು ಸಣ್ಣ ದನಿಯಲ್ಲಿ ಓದಿಕೋ.

ಅಪ್ಪ


ಆಗಸ್ಟ್ ೯

ನೆರೆದ ಮಹಾಜನರೇ ಎಂದು ಕೈ ಬರೆಯುತ್ತದೆ. ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ!

ಕಾಗದದ ಮೇಲೆ ನಾನು ಈಗಲೂ ಸಿಂಹ. ಒಳಗೆ ಎಲ್ಲ ಇದೆ, ಗುಡುಗು, ಸಿಡಿಲು, ಗೋಳು, ಎಲ್ಲ ವೇಷ ಹಾಕಿಕೊಂಡು ಸಾಲಾಗಿ ನಿಂತಿವೆ. ಬಾಯಿ ತೆರೆದರೆ ಹೊರಗೆ ಬರುವುದು ಯಾರು? ನೀನು! ನಿನ್ನ ದನಿ! ಏರದ, ಇಳಿಯದ, ಒರೆಸಿದ ಹಲಗೆಯಂಥ ದನಿ! ನನ್ನ ಗಂಟಲೊಳಗೆ ನೀನು ಬಂದು ಕೂತಿದ್ದೀಯ. ಕಿವಿ ಮಾತ್ರ ನೆಟ್ಟಗಿದೆ. ಅದೂ ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ನಾನು ಆ ದಿನದ ದೃಶ್ಯವನ್ನು ಬರೆಯುತ್ತೇನೆ, ನೀನು ಓದು.

ಎಚ್ಚರವಾದಾಗ ಮುಖದ ಮೇಲೆ ಹಸಿರು ಬಟ್ಟೆಯ ಗುಡಾರ. ಅದರ ಬಾಯಲ್ಲಿ ನಿನ್ನ ಮುಖ. ಹಿಂದೆ ಯಾರೋ ತಟ್ಟೆ ಇಡುವ ಸದ್ದು. ತಲೆ ತೆರೆದಿದೆ ಎಂದು ಗೊತ್ತು, ಆದರೆ ಏನೂ ಗೊತ್ತಾಗುತ್ತಿಲ್ಲ. ನೀನು, "ಅಪ್ಪ, ಶುರು ಮಾಡಿ" ಅಂದೆ. ನರ್ಸುಗಳು ಸುತ್ತ ನಿಂತಿದ್ದರು. ಬಾಯಿ ಮುಚ್ಚಿಕೊಂಡ ಪ್ರೇಕ್ಷಕರು! ಆ ಮೌನವನ್ನು ನನ್ನಿಂದ ತಾಳಲಾಗಲಿಲ್ಲ ಮಗಳೇ. ಭಯವಾದಾಗ ಮಕ್ಕಳು ಅಮ್ಮನನ್ನು ಹುಡುಕುತ್ತಾರೆ, ನಾನು ನಗುವನ್ನು ಹುಡುಕುತ್ತೇನೆ. ಬಾಯಿಗೆ ಬಂದುಬಿಟ್ಟಿತು. "ತಲೆ ತೆಗೆದರು. ನಿಮ್ಮದು ಊಟ ಆಯ್ತಾ?"

ಸಪ್ಪೆರಾಣಿಯ ದನಿಯಲ್ಲಿ ಅಂದೆ. ನರ್ಸುಗಳು ನಕ್ಕರು. ಸರ್ಜನ್ ಕೂಡ, "ಸಾರ್, ನಗಿಸಬೇಡಿ, ಕೈ ಅಲ್ಲಾಡತ್ತೆ" ಅಂದರು. ನೀನು ನಗಲಿಲ್ಲ. ಸರಿ, ಆಣೆ ಮುರಿದೆ. ಅಲ್ಲಿಗೆ ಮುಗಿಯಿತು. ಆಮೇಲೆ ನಾನು ರಾಜನಾದೆ. ಕಿರೀಟವಿಲ್ಲದ, ಬುರುಡೆಯೂ ಇಲ್ಲದ ರಾಜ! ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಆ ಗೋಳನ್ನು ಹೇಳಿರಲಿಲ್ಲ. ಒಬ್ಬ ನರ್ಸ್ ಮೂಗೆಳೆದದ್ದು ನನಗೆ ಕೇಳಿಸಿತು. 'ಏಳು ಮಗನೇ' ಎಂದು ಪಾತಾಳಕ್ಕಿಳಿದೆ. ಮೇಲೆ ಬರಬೇಕು. ಬರುತ್ತಿಲ್ಲ! ಮೆಟ್ಟಿಲನ್ನೇ ಯಾರೋ ಎಳೆದುಕೊಂಡ ಹಾಗೆ. 'ಏಳು' ಅಂದೆ, ಸಪ್ಪೆ. ಮತ್ತೆ 'ಏಳು' ಅಂದೆ, ಸಪ್ಪೆ. ಕಣ್ಣು ಬಿಟ್ಟುಕೊಂಡು ನಿನ್ನನ್ನೇ ನೋಡಿದೆ. ಕೈ ಎತ್ತು, ಕೈ ಎತ್ತು ಕಣೇ!

ನಿನ್ನ ಕೈ ಮಡಿಲಲ್ಲಿತ್ತು.

ಪರದೆಯ ಹಿಂದೆ ನಿಂತು ನನ್ನ ಉಸಿರಿನ ಸದ್ದಿಗೆ ನಾನು ಯಾವ ಸಾಲು ಮರೆಯುತ್ತೇನೆಂದು ಹೇಳುತ್ತಿದ್ದವಳು ನೀನು. ಮೊದಲ ಸಪ್ಪೆ ದನಿ ನಾನು, ಎರಡನೆಯದು ನಾನಲ್ಲ, ವಿದ್ಯುತ್ತು ಎಂದು ನಿನಗೆ ತಿಳಿಯಲಿಲ್ಲವೇ?

ನಿನ್ನೆ ಕಂಪನಿಗೆ ಹೋದೆ. ಎಲ್ಲರೂ ಎದ್ದು ನಿಂತರು. "ನಾನು ಬದುಕಿ ಬಂದಿದ್ದೇನೆ, ಮಕ್ಕಳೇ" ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಜಮಾನರು ಬಂದವರೇ ಸಪ್ಪೆರಾಣಿ ಶುರು ಮಾಡಿದ್ರು!" ಅಂತ ಚಪ್ಪಾಳೆ ತಟ್ಟಿದರು. "ನಗಬೇಡಿ" ಅಂದೆ. ಇನ್ನೂ ಜೋರಾಗಿ ನಕ್ಕರು. ಮೇಕಪ್ಪಿನವನೊಬ್ಬ ನಗಲಿಲ್ಲ. ಗೋಡೆಯ ಕಡೆ ತಿರುಗಿ ನಿಂತ.

ಉತ್ತರ ಬರಿ.

ಅಪ್ಪ


ಆಗಸ್ಟ್ ೨೦

ಅಪ್ಪನವರಿಗೆ,

ತಿಳಿಯಿತು.

ಅಣಕಿಸುವ ಮುಂಚೆ ನೀವು ಮೂಗಿನಿಂದ ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತೀರಿ. ಬೇರೆ ಯಾರಿಗೂ ಕೇಳಿಸುವುದಿಲ್ಲ. ಪರದೆಯ ಹಿಂದೆ ನಿಂತವರಿಗೆ ಕೇಳಿಸುತ್ತದೆ. ಮೊದಲ ಸಲ ಆ ಉಸಿರು ಇತ್ತು. ಎರಡನೆಯ ಸಲ ಇರಲಿಲ್ಲ.

ನೀವು 'ಏಳು, ಏಳು' ಎನ್ನುತ್ತಿರುವಾಗ ಸರ್ಜನ್ ಬಟ್ಟೆಯ ಆಚೆಯಿಂದ, ನಿಮಗೆ ಕೇಳಿಸದ ಹಾಗೆ ನನ್ನನ್ನು, "ದನಿ ಬದಲಾಯ್ತಲ್ಲ, ಸರಿ ಇದಾರಾ?" ಎಂದು ಕೇಳಿದರು. "ನನ್ನ ಅಣಕು ಮಾಡ್ತಿದಾರೆ. ಅವರ ಅಭ್ಯಾಸ" ಎಂದು ಅಷ್ಟೇ ಮೆಲ್ಲಗೆ ಅಂದೆ. "ಇನ್ನೊಮ್ಮೆ ಮುಟ್ಟಿ ನೋಡ್ಲಾ?" ಅಂದರು. "ಬೇಡ, ಮುಂದುವರಿಸಿ" ಅಂದೆ. ನರ್ಸುಗಳು ಮತ್ತೆ ನಕ್ಕರು. ನೀವು ನಗಿಸಿದಿರಿ ಎಂದುಕೊಂಡರು.

ಉಸಿರು ಇಲ್ಲ ಎಂದು ಕೇಳಿಸಿದ್ದು ಮೊದಲೋ, 'ಅಣಕು' ಎಂಬ ಮಾತು ನನ್ನ ಬಾಯಿಂದ ಹೊರಟದ್ದು ಮೊದಲೋ ನನಗೆ ಹೇಳಲಾಗುವುದಿಲ್ಲ. ಬಹಳ ಯೋಚಿಸಿದ್ದೇನೆ. ಕಿವಿಯಿಂದ ಮಾತಿಗೆ ಹೋಗುವ ದಾರಿ ಬಹಳ ಚಿಕ್ಕದು. ಆದರೆ "ಬೇಡ, ಮುಂದುವರಿಸಿ" ಎನ್ನುವ ಹೊತ್ತಿಗೆ ಕೇಳಿಸಿತ್ತು. ಅದು ಖಚಿತ.

ಗೆಡ್ಡೆ ಪೂರ್ತಿ ಬಂದಿದೆ. ನಾನು ಕೈ ಎತ್ತಿದ್ದರೆ ಒಂದು ಭಾಗ ಉಳಿಯುತ್ತಿತ್ತು, ಮತ್ತೆ ಬೆಳೆಯುತ್ತಿತ್ತು. ಈಗ ನೀವು ಬಹಳ ವರ್ಷ ಬದುಕುತ್ತೀರಿ. ನಿಮ್ಮ ಜೀವ ಉಳಿಸಲು ಹಾಗೆ ಮಾಡಿದೆ ಎಂದು ನಾನು ಹೇಳಬಹುದು. ಹೇಳಿದರೆ ನಿಮಗೂ ಸಮಾಧಾನ, ನನಗೂ ಸಮಾಧಾನ. ಆದ್ದರಿಂದ ಹೇಳುವುದಿಲ್ಲ.

ಸರ್ಜನ್ ಅವರಿಗೆ ಇದು ಗೊತ್ತಿಲ್ಲ. ಕಾಲೇಜಿಗೂ ಗೊತ್ತಿಲ್ಲ. ಗೊತ್ತಾದರೆ ನಾನು ಇನ್ನೆಂದೂ ರೋಗಿಯ ಎದುರು ಕೂರುವಂತಿಲ್ಲ. ಪಾಠವನ್ನೂ ಹೇಳುವಂತಿಲ್ಲ. ನನಗೆ ಬೇರೆ ಕೆಲಸ ಬರುವುದಿಲ್ಲ.

ಒಂದು ವಿಚಾರ ಕೇಳಬೇಕಿತ್ತು. ನಿಮ್ಮಂಥ ರೋಗಿ ಅಪರೂಪ. ಪದಗಳೆಲ್ಲ ಸರಿ, ಭಾವನೆ ಸರಿ, ಕಿವಿ ಸರಿ, ದನಿಯ ಏರಿಳಿತ ಮಾತ್ರ ಇಲ್ಲ. ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳಿಗೆ ಬಲ ಅರ್ಧದ ಪಾಠವಿದೆ. ಗಾಜಿನ ಜಾಡಿಯಲ್ಲಿಟ್ಟ ಮಿದುಳನ್ನು ತೋರಿಸಿದರೆ ಅವರಿಗೆ ಇದು ಅರ್ಥವಾಗುವುದಿಲ್ಲ. ನೀವು ಬಂದು ಮಾತಾಡಿದರೆ ಆಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳಿರುವ ದೊಡ್ಡ ಕೋಣೆ. ತುಂಬಿರುತ್ತದೆ.

ಮಗಳು


ಆಗಸ್ಟ್ ೨೭

ಎಲೈ ಹೆಣ್ಣೇ!

ಕೊಂದವಳೇ ಹೆಣವನ್ನು ಪ್ರದರ್ಶನಕ್ಕೆ ಕರೆಯುತ್ತಾಳೆಯೇ? ನಾನೇನು ಜಾಡಿಯೇ? ನಿನ್ನ ಉಪ್ಪಿನಕಾಯಿಯೇ? ಬರುವುದಿಲ್ಲ. ಇನ್ನು ನನಗೆ ಕಾಗದ ಬರೆಯಬೇಡ. ಸರ್ಜನ್ನನಿಗೆ ನಾನೇ ಬರೆಯುತ್ತೇನೆ, ನಿನ್ನ ಕಾಗದವನ್ನು ಜೊತೆಗಿಟ್ಟು. ಆಮೇಲೆ ನೋಡೋಣ, ಯಾರ ಬಾಯಿ ಸಪ್ಪೆಯಾಗುತ್ತದೆ ಅಂತ!

ಅಪ್ಪ ಎಂದು ಬರೆಯುವುದಿಲ್ಲ.


ಸೆಪ್ಟೆಂಬರ್ ೧೪

ಅಪ್ಪನವರಿಗೆ,

ಸರ್ಜನ್ ಅವರ ಕೋಣೆ ಎರಡನೇ ಮಹಡಿಯಲ್ಲಿದೆ. ಬೆಳಿಗ್ಗೆ ಬಂದ ಟಪಾಲನ್ನು ಅವರೇ ಒಡೆಯುತ್ತಾರೆ. ಪ್ರತಿದಿನ ಆ ಹೊತ್ತಿಗೆ ನಾನು ಅವರ ಎದುರು ಇರುತ್ತೇನೆ. ನಿಮ್ಮ ಕಾಗದ ಇನ್ನೂ ಬಂದಿಲ್ಲ.

ಕಳಿಸುವುದಾದರೆ ಬೇಗ ಕಳಿಸಿ.

ಮಗಳು


ಅಕ್ಟೋಬರ್ ೧೮

ಮಗಳೇ,

ಕಳಿಸಲಿಲ್ಲ. ಬರೆದೆ, ಲಕೋಟೆಗೆ ಅಂಟು ಹಚ್ಚಿದೆ, ಟಪಾಲು ಪೆಟ್ಟಿಗೆಯ ಬಾಯಿಯ ತನಕ ಕೈ ಹೋಯಿತು. ನಿನ್ನನ್ನು ಕಾಗದದಲ್ಲಿ ಮುಗಿಸಿದರೆ ನೋಡುವವರು ಯಾರು? ಒಬ್ಬ ಡಾಕ್ಟರು, ಒಂದು ಮುಚ್ಚಿದ ಕೋಣೆ. ಛೀ! ನಾನು ಜೀವಮಾನದಲ್ಲಿ ಖಾಲಿ ಟೆಂಟಿಗೆ ಆಡಿದವನಲ್ಲ.

ಈ ತಿಂಗಳು ಕಂಪನಿಯಲ್ಲಿ ಏನಾಯಿತು ಎಂದು ಹೇಳುತ್ತೇನೆ, ಕೇಳು. ರಾಜನ ಪಾತ್ರ ಈಗ ಸಾರಥಿಯ ವೇಷ ಮಾಡುತ್ತಿದ್ದವನಿಗೆ ಹೋಗಿದೆ. ಮೂಗಿನಿಂದ ಅಳುತ್ತಾನೆ, ಜನ ಅದಕ್ಕೂ ಅಳುತ್ತಾರೆ. ನನಗೆ ಸಪ್ಪೆರಾಣಿಯನ್ನು ಬಿಟ್ಟುಕೊಟ್ಟರು. "ಯಜಮಾನರೇ, ಈಗ ನೀವು ಏನೂ ಮಾಡೋದೇ ಬೇಡ, ನಿಂತರೆ ಸಾಕು" ಅಂದ ಹೊಸ ಮ್ಯಾನೇಜರು. ಒಳ್ಳೆಯ ಮಾತೆಂದುಕೊಂಡು ಹೇಳಿದ, ಕತ್ತೆ. ಸೀರೆ ಉಟ್ಟೆ. ಮುಂದೆ ಬಂದು ನಿಂತೆ. 'ಅಮ್ಮ ಹೋದರು' ಎಂಬ ಆ ಸಾಲು ಹೇಳಿದೆ.

ಯಾರೂ ನಗಲಿಲ್ಲ.

ಮತ್ತೆ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಮುದುಕಿ, "ಪಾಪ, ಯಾರೋ ಸತ್ತಿದಾರೆ ಕಣೇ, ಸುಮ್ನಿರು" ಅಂತ ಮೊಮ್ಮಗಳ ಬಾಯಿ ಮುಚ್ಚಿದಳು. ಆಗ ನನಗೆ ತಿಳಿಯಿತು. ಸಪ್ಪೆಯನ್ನು ಅಣಕಿಸುವುದಕ್ಕೂ ಏರಿಳಿತ ಬೇಕು. ತುದಿಯಲ್ಲಿ ಒಂದು ಚೂರು ನಗು ಬೆರೆಸಬೇಕು, ಇದು ನಾನಲ್ಲ ಎಂದು ಜನಕ್ಕೆ ಕಣ್ಣು ಹೊಡೆಯಬೇಕು. ಅದು ಬಲಗಿವಿಯ ಮೇಲಿತ್ತು. ಬಟ್ಟಲಿಗೆ ಹೋಯಿತು. ಈಗ ನನ್ನ ಬಾಯಲ್ಲಿ ಆ ಸಾಲು ನೀನು ಫೋನಿನಲ್ಲಿ ಹೇಳಿದ ಹಾಗೆಯೇ ಬರುತ್ತದೆ. ಹಾಗೆ ಬಂದರೆ ಅದು ಹಾಸ್ಯವೇ ಅಲ್ಲ. ಅದು ಬರೀ ಸುದ್ದಿ.

ಮೇಕಪ್ಪಿನವನು ಮುಖದ ಬಣ್ಣ ಒರೆಸುತ್ತ, "ಅಮ್ಮೋರು ಹೋದ ದಿನ ಮಗು ಹೀಗೇ ಹೇಳಿತ್ತಾ ಬುದ್ಧಿ?" ಎಂದು ಕೇಳಿದ.

"ಹೌದು" ಅಂದೆ.

"ಥೂ" ಅಂದ. ನನಗೋ, ತನಗೋ, ಎಣ್ಣೆ ಮುಗಿದ ಡಬ್ಬಿಗೋ ಗೊತ್ತಿಲ್ಲ. ಮರುದಿನ ಕೆಲಸ ಬಿಟ್ಟು ಹೋದ.

ಇದನ್ನು ಓದಿ ನನ್ನ ಮನಸ್ಸು ಕರಗಿತು ಎಂದುಕೊಂಡೆಯಾ? ಕರಗಲಿಲ್ಲ. ನೀನು ನನ್ನದನ್ನು ಕಿತ್ತುಕೊಂಡೆ, ಕೇಳಿಸಿಕೊಂಡೇ ಕಿತ್ತುಕೊಂಡೆ. ನಾನು ನಿನ್ನ ದನಿಯನ್ನು ವರ್ಷಗಟ್ಟಲೆ ಟಿಕೆಟ್ಟಿಗೆ ಮಾರಿದೆ. ಇಬ್ಬರದ್ದನ್ನೂ ತಕ್ಕಡಿಗೆ ಹಾಕುವ ಮನುಷ್ಯ ನಾನಲ್ಲ. ನನಗೆ ಬೇಕಾದದ್ದು ಒಂದು ತುಂಬಿದ ಸಭೆ. ಅದು ಈಗ ಇರುವುದು ನಿನ್ನ ಹತ್ತಿರ ಮಾತ್ರ.

ಅದಕ್ಕೇ ಬಂದಿದ್ದೇನೆ. ಕಾಲೇಜಿನ ಎದುರಿನ ಲಾಡ್ಜಿನಲ್ಲಿ ಇಳಿದಿದ್ದೇನೆ. ಕಿಟಕಿಯಿಂದ ನಿನ್ನ ಕಟ್ಟಡ ಕಾಣುತ್ತದೆ. ಇದನ್ನು ಲಾಡ್ಜಿನ ಹುಡುಗಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳೊಡನೆ ಮಾತಾಡಿದೆ. "ನಿಮಗೆ ಕೋಪ ಬಂದಿದ್ಯಾ ಸಾರ್?" ಅಂತ ಕೇಳಿದಳು. ಇಲ್ಲ ಅಂದೆ. ನಂಬಲಿಲ್ಲ. ಹೌದು ಅಂದೆ. ಅದನ್ನೂ ನಂಬಲಿಲ್ಲ. ನನಗೆ ಬಹಳ ಸಂತೋಷವಾಯಿತು. ಇಂಥ ಆಯುಧ ಗುಡುಗಿನ ಕೈಯಲ್ಲಿ ಎಂದೂ ಇರಲಿಲ್ಲ!

ನಿನ್ನ ಬಲ ಅರ್ಧದ ಪಾಠ ನಾಳೆ ಬೆಳಿಗ್ಗೆ ಎಂದು ಕಾಲೇಜಿನಲ್ಲಿ ವಿಚಾರಿಸಿಕೊಂಡಿದ್ದೇನೆ, ನಾನು ಆ ದೊಡ್ಡ ಕೋಣೆಗೆ ಬರುತ್ತೇನೆ. ನೀನು ತೋರಿಸಿದ ಕುರ್ಚಿಯಲ್ಲಿ ಕೂರುತ್ತೇನೆ, ನೀನು ಕೋಲು ಹಿಡಿದು ನನ್ನ ಬಲಗಿವಿಯ ಮೇಲೆ ತೋರಿಸುವ ತನಕ ಬಾಯಿ ತೆರೆಯುವುದಿಲ್ಲ. ಸರ್ಜನ್ ಕೂಡ ಬರುತ್ತಾನೆ, ಮೊದಲ ಬೆಂಚು ಅವನಿಗೆಂದು ನಾನೇ ಫೋನು ಮಾಡಿ ಹೇಳಿದ್ದೇನೆ. ಆಮೇಲೆ ನಿನ್ನ ವಿದ್ಯಾರ್ಥಿಗಳೆದುರು ಇಷ್ಟೇ ಹೇಳುತ್ತೇನೆ: "ಇವಳು ನನ್ನ ಮಗಳು. ಅವತ್ತು ಮೇಜಿನ ಪಕ್ಕ ಕೂತು ಇವಳು ಮಾಡಿದ್ದನ್ನು ನಾನು ಕ್ಷಮಿಸಿದ್ದೇನೆ." ಅದು ಆಶೀರ್ವಾದವೋ, ಶಾಪವೋ, ತಮಾಷೆಯೋ ನನ್ನ ದನಿಯಿಂದ ಯಾರಿಗೂ ಗೊತ್ತಾಗುವುದಿಲ್ಲ. ಇಡೀ ಸಭೆ ನಿನ್ನ ಕಡೆ ತಿರುಗುತ್ತದೆ. ನೀನು ಮೇಡಂ, ನೀನು ಪರೀಕ್ಷಕಿ, ನೀನೇ ಹೇಳಬೇಕು. ಅವರಿಗೆ ಏನು ಹೇಳುತ್ತೀಯೋ ಅದನ್ನು ನಾನೂ ಅಲ್ಲೇ ಮೊದಲ ಸಲ ಕೇಳಿಸಿಕೊಳ್ಳುತ್ತೇನೆ, ಕೇಳಿಸಿಕೊಂಡು, ಎದ್ದು, ತಲೆಗೆ ಟೋಪಿ ಹಾಕಿಕೊಂಡು, ಬಸ್ಸು ಹತ್ತುತ್ತೇನೆ.

ಅಪ್ಪ